ಹೊಸ ಯಂತ್ರ, ಹಳೆಯ ದೈನ್ಯ

ಮನೆಗೆ ಕಂಪ್ಯೂಟರು ಬರುವುದು ಇಂದು ನಮ್ಮ ಹಳ್ಳಿಗಳಲ್ಲಿಯೂ ದೊಡ್ಡ ಸುದ್ದಿಯಾಗಿ ಉಳಿದಿಲ್ಲ. ನವಲಗುಂದದ ಎರೆಹೊಲಗಳ ನಡುವಿನ ಊರಿರಲಿ, ಕಲಘಟಗಿಯ ಮಲೆನಾಡ ಸೆರಗಿನ ಊರಿರಲಿ, ಹತ್ತಿಯ ಹಣ ಕೈಸೇರಿದ ವರ್ಷ, ಇಲ್ಲವೆ ಮಗಳು ಪಿ.ಯು.ಸಿ. ಪಾಸಾದ ವರ್ಷ, ತಂದೆಯಾದವನು ಹುಬ್ಬಳ್ಳಿಗೆ ಹೋಗಿ ಒಂದು ಪೆಟ್ಟಿಗೆಯನ್ನು ಹೊತ್ತು ತರುತ್ತಾನೆ. ಖಂಡೇನವಮಿಯ ದಿನ ಅದಕ್ಕೂ ಒಂದು ಹೂವು, ಒಂದು ಎಳೆ ವಿಭೂತಿ ಸಲ್ಲುತ್ತದೆ. ಇದೆಲ್ಲ ಸಂತೋಷದ ಮಾತು. ನನ್ನ ತಕರಾರು ಇರುವುದು ಆ ಪೆಟ್ಟಿಗೆ ಬಿಚ್ಚಿದ ಮೊದಲ ಅರ್ಧ ಗಂಟೆಯ ವಿಷಯದಲ್ಲಿ.

ಆ ಅರ್ಧ ಗಂಟೆಯಲ್ಲಿ ಯಂತ್ರವು ತನ್ನ ಹೊಸ ಒಡೆಯನನ್ನು ನಾಲ್ಕಾರು ಪ್ರಶ್ನೆ ಕೇಳುತ್ತದೆ. ನಿಮ್ಮ ದೇಶ ಯಾವುದು? ಭಾಷೆ ಯಾವುದು? ಕೀಲಿಮಣೆ ಯಾವುದು? ಮನೆಯಲ್ಲಿ ವೈಫೈ ಇದೆಯೆ? ನಿಮ್ಮ ಖಾತೆಯ ಹೆಸರೇನು, ಗುಟ್ಟಿನ ಅಂಕಿ ಏನು? ಇವುಗಳಲ್ಲಿ ಕಡೆಯವು ದುಡ್ಡಿಗೆ, ಭದ್ರತೆಗೆ ಸಂಬಂಧಿಸಿದವು. ಜನ ಅವನ್ನು ಎಚ್ಚರದಿಂದ ಕೇಳಿ, ಎಚ್ಚರದಿಂದ ಉತ್ತರಿಸುತ್ತಾರೆ. ಭಾಷೆಯ ಪ್ರಶ್ನೆಯನ್ನು ಮಾತ್ರ ಒಡೆಯನಿಗೆ ಯಾರೂ ಮುಟ್ಟಿಸುವುದೇ ಇಲ್ಲ. ಅಂಗಡಿಯಿಂದ ಬಂದ ಹುಡುಗ ಕಣ್ಣುಮುಚ್ಚಿ ತೆರೆಯುವುದರೊಳಗೆ ಇಂಗ್ಲಿಷನ್ನು ಒತ್ತಿ, 'ನೆಕ್ಸ್ಟ್, ನೆಕ್ಸ್ಟ್' ಎಂದು ಮುಂದೆ ಓಡಿರುತ್ತಾನೆ.

ಕುಂದಗೋಳ ತಾಲೂಕಿನ ಒಂದು ಹಳ್ಳಿಯಲ್ಲಿ, ನನ್ನ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ, ಇಂಥ ಮುಹೂರ್ತಕ್ಕೆ ನಾನೂ ಸಾಕ್ಷಿಯಾಗಿದ್ದೆ. "ಕನ್ನಡಾನೂ ಹಾಕಪಾ" ಎಂದೆ. ಹುಡುಗ ನನ್ನನ್ನು ಅನುಕಂಪದಿಂದ ನೋಡಿದ. "ಸರ, ಕಂಪ್ಯೂಟರಿಗೆ ಕನ್ನಡ ಯಾಕ್ರೀ? ಇದರಾಗ ಕನ್ನಡಾ ಬರೂದಿಲ್ರೀ" ಎಂದ. ಮನೆಯ ಯಜಮಾನರು ಅವನ ಪಕ್ಷ ವಹಿಸಿದರು: "ಹೌದ್ರೀ ಸರ, ಇಂಗ್ಲೀಷ ಬರ್ಲಿ ಅಂತನ ತಂದೇವ್ರೀ." ಎರಡು ವಾಕ್ಯಗಳಲ್ಲಿ ಎರಡು ಅಸತ್ಯಗಳು! ಕಂಪ್ಯೂಟರಿನಲ್ಲಿ ಕನ್ನಡ ಬರುವುದಿಲ್ಲವೆಂಬುದು ಒಂದು; ಇಂಗ್ಲಿಷಿನ ಪರದೆಯ ಮುಂದೆ ಕುಳಿತರೆ ಇಂಗ್ಲಿಷು ಬಂದುಬಿಡುವುದೆಂಬುದು ಇನ್ನೊಂದು. ಮೊದಲನೆಯದನ್ನು ಹೇಳಿದವನು ಅಜ್ಞಾನದಿಂದ ಹೇಳಿದ, ಎರಡನೆಯದನ್ನು ಹೇಳಿದವರು ಆಸೆಯಿಂದ ಹೇಳಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಈ ಅಜ್ಞಾನವನ್ನು ಇಷ್ಟು ವರ್ಷ ಸಾಕಿಕೊಂಡು ಬಂದ ಓದಿದವರ ಮೇಲೆ, ಅದರಲ್ಲಿಯೂ ಕನ್ನಡವನ್ನೇ ಓದಿ ಕನ್ನಡದಿಂದಲೇ ಸಂಬಳ ಪಡೆಯುವ ನನ್ನ ಬಳಗದ ಮೇಲೆ ಇದೆ.

ಯಂತ್ರ ಪರದೇಶದ್ದು, ಅದು ಪರದೇಶದ ಮಾತನ್ನೇ ಆಡುತ್ತದೆ ಎನ್ನುವವರಿಗೆ ನಮ್ಮ ಚರಿತ್ರೆಯೇ ಉತ್ತರ ಹೇಳಬಲ್ಲುದು. ಅಚ್ಚಿನ ಯಂತ್ರವೇನು ಗದುಗಿನಲ್ಲಿ ಹುಟ್ಟಿತ್ತೆ? 1843ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. 1894ರಲ್ಲಿ ಕಿಟ್ಟೆಲ್ಲನ ಮಹಾಕೋಶ ಅದೇ ಊರಿನ ಬಾಸೆಲ್ ಮಿಶನ್ನಿನ ಅಚ್ಚುಕೂಟದಲ್ಲಿ ಅಚ್ಚಾಯಿತು. ಯಂತ್ರಕ್ಕೆ ಕನ್ನಡ ಬರುವುದಿಲ್ಲವೆಂದು ಆ ಜರ್ಮನರು ಕೈಕಟ್ಟಿ ಕುಳಿತಿದ್ದರೆ ನಮ್ಮ ಗತಿ ಏನಾಗುತ್ತಿತ್ತು? ಟೈಪ್‌ರೈಟರಿಗೂ ಹೀಗೆಯೇ ಕನ್ನಡ ಕಲಿಸಬೇಕಾಯಿತು. ಯಂತ್ರಕ್ಕೆ ತಾಯ್ನುಡಿ ಎಂಬುದಿಲ್ಲ. ಅದಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು; ಮಿಕ್ಕಿದ್ದೆಲ್ಲ ಮನುಷ್ಯ ಕಲಿಸಿದ್ದು.

ಧಾರವಾಡ ಸೀಮೆಯವರಿಗಂತೂ ಈ ಮಾತನ್ನು ಹೇಳಬೇಕಾಗಿಯೇ ಬರಬಾರದು. ಮುಂಬಯಿ ಇಲಾಖೆಯ ಆಡಳಿತದಲ್ಲಿ ಇಲ್ಲಿಯ ಶಾಲೆಗಳಲ್ಲಿಯೂ ಕಚೇರಿಗಳಲ್ಲಿಯೂ ಮರಾಠಿ ಮೆರೆಯುತ್ತಿದ್ದ ಕಾಲವೊಂದಿತ್ತು. ಕನ್ನಡದ ಮಕ್ಕಳು ಕನ್ನಡ ಶಾಲೆಗೆ ಹೋಗಬೇಕೆಂಬ ಅತಿ ಸಾದಾ ಮಾತಿಗಾಗಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಬೇಕಾಯಿತು. 1890ರಲ್ಲಿ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಿದ್ದು ಈ ಹಿನ್ನೆಲೆಯಲ್ಲಿಯೇ. ಅಂದಿನ ತಂದೆತಾಯಿಗಳಲ್ಲಿಯೂ 'ಮರಾಠಿ ಕಲಿತರೆ ನೌಕರಿ ಸಿಗುತ್ತದೆ, ಕನ್ನಡದಿಂದ ಏನು ಸಿಗುತ್ತದೆ?' ಎಂದವರು ಇದ್ದೇ ಇದ್ದಾರು. ಅವರ ಮಾತು ಅಂದಿನ ಲೆಕ್ಕಕ್ಕೆ ಸರಿಯೇ ಇತ್ತು. ಆ ಲೆಕ್ಕವನ್ನೇ ನಂಬಿ ಎಲ್ಲರೂ ಸುಮ್ಮನಿದ್ದಿದ್ದರೆ, ಇಂದು ನಾನು ಈ ಪುಟದಲ್ಲಿ ಬರೆಯುತ್ತಲೂ ಇರಲಿಲ್ಲ, ನೀವು ಓದುತ್ತಲೂ ಇರಲಿಲ್ಲ.

ಇನ್ನು ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ ಇನ್ನೂ ಆಗಬೇಕಾಗಿದೆಯೋ ಎಂದರೆ, ಅದು ಆಗಿ ಎಷ್ಟೋ ಕಾಲವಾಯಿತು. ಮಂಗಳೂರ ಕಡೆಯ ಕಿನ್ನಿಕಂಬಳದ ಕೆ. ಪಿ. ರಾಯರು 1980ರ ದಶಕದಲ್ಲಿಯೇ ಕನ್ನಡಕ್ಕೆ ಒಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ತಾವು ಮಾಡಿದ ತಂತ್ರಾಂಶಕ್ಕೆ ಛಂದೋವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಗೌರವಾರ್ಥವಾಗಿ 'ಸೇಡಿಯಾಪು' ಎಂದೇ ಹೆಸರಿಟ್ಟರು. ಯಂತ್ರಜ್ಞನೊಬ್ಬನು ತನ್ನ ಕೃತಿಗೆ ಪಂಡಿತನ ಹೆಸರಿಡುವುದು ಎಂಥ ಸೌಜನ್ಯ! ಆ ವಿನ್ಯಾಸದ ಸೊಗಸು ಏನೆಂದರೆ, ರೋಮನ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ಸಮಸ್ತ ಅಕ್ಷರಮಾಲೆ ಅಡಗುತ್ತದೆ. ಕಕಾರಕ್ಕೆ 'ಕೆ' ಕೀಲಿ, ಖಕಾರಕ್ಕೆ ಅದೇ ಕೀಲಿಯ ದೊಡ್ಡಕ್ಷರ. ಒತ್ತಕ್ಷರ ಬೇಕಾದಾಗ ನಡುವೆ 'ಎಫ್' ಎಂಬ ಕೊಂಡಿ. ಅಲ್ಪಪ್ರಾಣ–ಮಹಾಪ್ರಾಣಗಳ ಸಂಬಂಧವನ್ನು ಬೆರಳುಗಳೇ ಕಲಿಯುತ್ತವೆ. ಈ ವಿನ್ಯಾಸವನ್ನೇ ಅಲ್ಪಸ್ವಲ್ಪ ಮಾರ್ಪಾಟಿನೊಡನೆ ಕರ್ನಾಟಕ ಸರಕಾರ ಒಪ್ಪಿಕೊಂಡಿತು; ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶದಲ್ಲಿ ಇರುವುದು ಅದೇ. ಅತ್ತ 1998ರಲ್ಲಿ ಶೇಷಾದ್ರಿವಾಸು ಅವರು 'ಬರಹ'ವನ್ನು ಹೊರತಂದು ಜನರ ಕೈಗೆ ಪುಕ್ಕಟೆಯಾಗಿ ಇಟ್ಟರು. ಕಡಲಾಚೆಯ ಕನ್ನಡಿಗರು ಮನೆಗೆ ಕನ್ನಡದಲ್ಲಿ ಕಾಗದ ಬರೆಯಲು ಕಲಿತದ್ದು ಬಹುಮಟ್ಟಿಗೆ ಅದರಿಂದ.

ಅಷ್ಟು ದೂರವೇಕೆ? ಆ ಕುಂದಗೋಳದ ರೈತನೇ ತನ್ನ ಹೊಲದ ಪಹಣಿಯನ್ನು ತಾಲೂಕ ಕಚೇರಿಯಿಂದ ತರುತ್ತಾನಲ್ಲ, ಅದು ಎಲ್ಲಿಂದ ಬಂತು? ಕಂಪ್ಯೂಟರಿನಿಂದ. ಯಾವ ಭಾಷೆಯಲ್ಲಿದೆ? ಕನ್ನಡದಲ್ಲಿ. 2000ದ ಆಚೀಚೆಯ ವರ್ಷಗಳಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. 15 ರೂಪಾಯಿ ಕೊಟ್ಟವನಿಗೆ ಕಿಟಕಿಯಲ್ಲಿ ಮುದ್ರಿತ ಪಹಣಿ ಸಿಗತೊಡಗಿತು. ಶಾನಭೋಗರ ದಫ್ತರದ ಕಾಲದಿಂದ ಬಂದ ಕನ್ನಡ ಯಾವ ಅಡ್ಡಿಯೂ ಇಲ್ಲದೆ ಪರದೆಯೊಳಕ್ಕೆ ಹೋಗಿ ಕುಳಿತಿತು. ಸರ್ವೆ ನಂಬರು, ಖರಾಬು, ಬಾಗಾಯ್ತು ಇವೆಲ್ಲ ಬಂದವು. ಕಾಲು ಶತಮಾನದ ಹಿಂದೆ ನವಲಗುಂದದ ಕಚೇರಿಯ ಯಂತ್ರಕ್ಕೆ ಬಂದ ಕನ್ನಡ, ಇಂದು ಅದಕ್ಕಿಂತ ನೂರು ಪಾಲು ಶಕ್ತಿಯುಳ್ಳ ಮನೆಯ ಯಂತ್ರಕ್ಕೆ ಬರುವುದಿಲ್ಲವಂತೆ! ಹೊಲದ ಲೆಕ್ಕಕ್ಕೆ ಸಲ್ಲುವ ಭಾಷೆ ಮಗಳ ಓದಿಗೆ ಸಲ್ಲದೆ?

ಮಾರುವವರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮ ದೇಶದಲ್ಲಿ ಮಾರಾಟವಾಗುವ ಎಷ್ಟೋ ಯಂತ್ರಗಳೊಳಗೆ ಇರುವ ವಿಂಡೋಸಿನ ಆವೃತ್ತಿಗೆ 'ಹೋಮ್ ಸಿಂಗಲ್ ಲ್ಯಾಂಗ್ವೇಜ್' ಎಂದು ಹೆಸರು. ಹೆಸರೇ ಎಲ್ಲವನ್ನೂ ಹೇಳುತ್ತದೆ: ಪರದೆಯ ಭಾಷೆ ಒಂದೇ. ಅದನ್ನು ಆಮೇಲೆ ಬದಲಿಸಬೇಕೆಂದರೆ ಮೇಲಿನ ಆವೃತ್ತಿಗೆ ಬೇರೆ ಹಣ ತೆರಬೇಕು. ಮೂರು ಭಾಷೆ ಆಡದ ಮನೆಯೇ ಅಪರೂಪವಾದ ಈ ಸೀಮೆಗೆ, ಮನೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು, ಸಂತೆಯಲ್ಲಿ ಮರಾಠಿಯನ್ನೂ ಕೇಳುವ ಈ ಜನಕ್ಕೆ, 'ಏಕಭಾಷೆಯ ಮನೆ' ಎಂಬ ಮಾಲನ್ನು ಮಾರುತ್ತಾರೆ! 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಬರೆಯಿಸಿದವರು 4 ಕೋಟಿ 37 ಲಕ್ಷ ಮಂದಿ. ಇಷ್ಟು ಗಿರಾಕಿಗಳಿರುವ ಮಾತಿಗೆ ಪ್ರತ್ಯೇಕ ಬೆಲೆ ಕಟ್ಟುವ ಧೈರ್ಯ ವ್ಯಾಪಾರಿಗೆ ಎಲ್ಲಿಂದ ಬಂತು? ಕೇಳುವವರೇ ಇಲ್ಲವೆಂಬುದರಿಂದ ಬಂತು. ಆದರೆ ಇಲ್ಲಿ ಒಂದು ಭೇದವನ್ನು ವಾಚಕರು ಗಮನಿಸಬೇಕು. ಪರದೆಯ ಮೇಲಿನ ಸೂಚನೆಗಳ ಭಾಷೆ ಬೇರೆ, ನಾವು ಬರೆಯುವ ಭಾಷೆ ಬೇರೆ. ಸೂಚನೆಗಳು ಇಂಗ್ಲಿಷಿನಲ್ಲಿಯೇ ಇದ್ದರೂ ಬರೆಯಲು ಕನ್ನಡವನ್ನು ಸೇರಿಸಿಕೊಳ್ಳುವುದಕ್ಕೆ ಯಾವ ಆವೃತ್ತಿಯಲ್ಲಿಯೂ ತಡೆಯಿಲ್ಲ, ಕಾಸೂ ಬೇಕಿಲ್ಲ. ಲಿನಕ್ಸ್ ಹಾಕಿಕೊಂಡವರಿಗಂತೂ 'ಕಗಪ' ಎಂಬ ಹೆಸರಿನಲ್ಲಿಯೇ ನಮ್ಮ ವಿನ್ಯಾಸ ಸಿದ್ಧವಾಗಿ ದೊರೆಯುತ್ತದೆ. ಹೀಗಿರಲು ವ್ಯಾಪಾರಿಯ ಮೇಲೆ ಗೂಬೆ ಕೂರಿಸಿ ನಾವು ತಪ್ಪಿಸಿಕೊಳ್ಳುವಂತಿಲ್ಲ.

ನಾವು ಮಾಡಿದ್ದೇನು? ನನ್ನ ವೃತ್ತಿಬಾಂಧವರಲ್ಲಿ ಅನೇಕರು ಇಂದಿಗೂ ಲೇಖನವನ್ನು ಹಾಳೆಯಲ್ಲಿ ಬರೆದು ಡಿ.ಟಿ.ಪಿ. ಅಂಗಡಿಗೆ ಕೊಟ್ಟು, ಕರಡು ತಿದ್ದಲು ಮೂರು ಸಲ ಹೋಗಿಬರುತ್ತಾರೆ. ಹಾಳೆಯಲ್ಲಿ ಬರೆಯುವುದು ಪಾಪವೆಂದು ನಾನು ಹೇಳುತ್ತಿಲ್ಲ. ಆದರೆ ಆ ಅಂಗಡಿಯಲ್ಲಿ ನಡೆಯುವುದೇನೆಂಬುದು ಇವರಿಗೆ ತಿಳಿದಿರಬೇಡವೆ? ಯುನಿಕೋಡಿಗೆ ಹಿಂದಿನ ಫಾಂಟುಗಳ ವ್ಯವಸ್ಥೆಯಲ್ಲಿ ಯಂತ್ರದ ಹೊಟ್ಟೆಯೊಳಗೆ ಕನ್ನಡವೇ ಇರುವುದಿಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ದೀರ್ಘಗಳ ಚಿತ್ರಗಳನ್ನು ಕೂರಿಸಿರುತ್ತಾರೆ, ಅಷ್ಟೆ. ಕಣ್ಣಿಗೆ ಕನ್ನಡ, ಒಳಗೆ ಅರ್ಥವಿಲ್ಲದ ರೋಮನ್ ಸಾಲು. ನಮ್ಮ ಕುಂದಗೋಳದ ಸವಾಯಿ ಗಂಧರ್ವರು ಸ್ತ್ರೀಪಾತ್ರ ಧರಿಸಿ ರಂಗಕ್ಕೆ ಬಂದರೆ ಮಂದಿ ಮರುಳಾಗುತ್ತಿದ್ದರಂತೆ. ಆದರೆ ಆಟ ಮುಗಿದ ಮೇಲೆ ಬಣ್ಣ ತೊಳೆಯುವುದೂ ಇತ್ತು. ಈ ಫಾಂಟಿನ ವೇಷಕ್ಕೆ ಬಣ್ಣ ತೊಳೆಯುವ ಹೊತ್ತೇ ಬರಲಿಲ್ಲ. ಇಪ್ಪತ್ತು ವರ್ಷಗಳ ಸಂಶೋಧನ ಪ್ರಬಂಧಗಳು, ಸ್ಮರಣಸಂಚಿಕೆಗಳು, ಊರ ಚರಿತ್ರೆಗಳು ಹೀಗೆ ವೇಷದಲ್ಲಿಯೇ ಉಳಿದುಹೋದವು. ಹಳೆಯದೊಂದು ಕಾಲೇಜು ಸಂಚಿಕೆಯಲ್ಲಿದ್ದ ಜನಪದ ಹಾಡುಗಳ ಸಂಗ್ರಹ ಬೇಕಾಗಿ, ಅಚ್ಚು ಮಾಡಿದವರಿಂದ ಅದರ ಸಿ.ಡಿ. ತರಿಸಿ ತೆರೆದೆ. ಪರದೆಯ ತುಂಬ ತಲೆಯ ಮೇಲೆ ಚುಕ್ಕೆ–ಗೆರೆ ಹೊತ್ತ ಫಿರಂಗಿ ಅಕ್ಷರಗಳ ಸಂತೆ! ಪರಿವರ್ತಿಸಿಕೊಡುವ ಉಪಾಯಗಳಿವೆ, ನಿಜ. ಪರಿವರ್ತಿಸಿದೆ, ಅರ್ಕಾವತ್ತುಗಳು ಅರ್ಧಕ್ಕರ್ಧ ದಾರಿ ತಪ್ಪಿದವು. ಆ ಹಾಡುಗಳನ್ನು ಹೇಳಿದ ಮುದುಕಿಯರಲ್ಲಿ ಈಗ ಯಾರೂ ಉಳಿದಿಲ್ಲ.

ಯುನಿಕೋಡಿನಲ್ಲಿ ಕನ್ನಡಕ್ಕೆ ಸ್ವಂತದ ಸ್ಥಾನ 1991ರ ಮೊದಲ ಆವೃತ್ತಿಯಿಂದಲೂ ಇದೆ. ವಿಂಡೋಸ್ ಎಕ್ಸ್‌ಪಿಯ ಕಾಲಕ್ಕಾಗಲೇ, ಅಂದರೆ 2001ರಲ್ಲಿ, ಅದು ಮನೆಯ ಯಂತ್ರಗಳಿಗೂ ಬಂದಿತ್ತು. ಡಾ. ಚಿದಾನಂದಗೌಡರ ಸಮಿತಿಯ ಸಲಹೆಯ ನಂತರ 2012ರಲ್ಲಿ ರಾಜ್ಯ ಸರಕಾರವೂ ಅದನ್ನೇ ಶಿಷ್ಟತೆಯೆಂದು ಒಪ್ಪಿತು. ಆದರೂ ಅನೇಕ ಅಂಗಡಿಗಳಲ್ಲಿ ಇಂದಿಗೂ ಹಳೆಯ ಫಾಂಟೇ ನಡೆಯುತ್ತದೆ. ಅದು ಕೈಗೆ ಪಳಗಿದೆ, ಮತ್ತು ಗಿರಾಕಿಯಾದ ಕನ್ನಡ ಪ್ರಾಧ್ಯಾಪಕ ಕೇಳುವುದಿಲ್ಲ.

ನಾವು ಕೇಳದಿದ್ದುದರ ಫಲಕ್ಕೆ ಇನ್ನೊಂದು ಉದಾಹರಣೆಯಿದೆ. ಅದನ್ನು ನೆನೆದಾಗಲೆಲ್ಲ ನನಗೆ ನಗೆಯೂ ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಪಂಪನ ತಾಯಿ ಅಬ್ಬಣಬ್ಬೆ ನಮ್ಮ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕುರ್ಕ್ಯಾಲ ಶಾಸನ ಹೇಳುತ್ತದೆ. ಆ ಪಂಪನ ಬಾಯಲ್ಲಿ ನಲಿದ, ಕೇಶಿರಾಜನು ರಳವೆಂದು ಕರೆದು ವಿವೇಚಿಸಿದ ೞ ಎಂಬ ಅಕ್ಷರಕ್ಕೆ ಯುನಿಕೋಡಿನ ಪಟ್ಟಿಯಲ್ಲಿ ಕೊಟ್ಟ ಹೆಸರೇನು ಗೊತ್ತೆ? 'ಕನ್ನಡ ಲೆಟರ್ ಫಾ'! ಪಂಪನ ೞಕಾರವು ಫ್ಯಾಕ್ಟರಿಯ ಫಕಾರವಾಯಿತು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬುದು ಆ ಪಟ್ಟಿಯ ನಿಯಮವಾದುದರಿಂದ, 'ಇದು ತಪ್ಪು ಹೆಸರು' ಎಂಬ ಅಡಿಟಿಪ್ಪಣಿಯನ್ನೂ ಒಂದು ಸರಿಯಾದ ಅಡ್ಡಹೆಸರನ್ನೂ ಆಮೇಲೆ ಸೇರಿಸಿದರು. ತಪ್ಪು ಮಾತ್ರ ಚಿರಂಜೀವಿಯಾಗಿ ಉಳಿಯಿತು. ಹಳಗನ್ನಡದ ಒಂದು ಪಾಠ ಓದಿದ ಬಿ.ಎ. ವಿದ್ಯಾರ್ಥಿಯನ್ನು ಕೇಳಿದ್ದರೂ ಸರಿಯಾದ ಹೆಸರು ಹೇಳುತ್ತಿದ್ದ. ಆ ಪಟ್ಟಿ ಸಿದ್ಧವಾಗುವ ಹೊತ್ತಿಗೆ ಕನ್ನಡದ ವಿದ್ವಾಂಸರು ಅದರ ಸಮೀಪದಲ್ಲಿ ಎಲ್ಲಿಯೂ ಇರಲಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಯಂತ್ರ ನಮ್ಮ ವಿಷಯವಲ್ಲವೆಂದು ನಾವು ಮುಖ ತಿರುಗಿಸಿದಲ್ಲೆಲ್ಲ ಇಂಥ 'ಫಾ'ಗಳು ಹುಟ್ಟುತ್ತವೆ.

ಇನ್ನು ನನ್ನ ಮಿತ್ರರೊಬ್ಬರ ವಾದ. ಅವರೂ ಎಂ.ಎ. ಓದಿದವರೇ. "ಈಗ ಕೀಲಿಮಣೆಯ ಗೊಡವೆಯೇ ಬೇಡ, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ತಾನೇ ಕನ್ನಡವಾಗುತ್ತದೆ, ಬಾಯಲ್ಲಿ ಹೇಳಿದರೂ ತಾನೇ ಬರೆದುಕೊಳ್ಳುತ್ತದೆ" ಎನ್ನುತ್ತಾರೆ. ಹೌದು, ವಿಂಡೋಸಿನಲ್ಲಿಯೂ 2019ರಿಂದ ಅಂಥ ಧ್ವನ್ಯಾತ್ಮಕ ಕೀಲಿಮಣೆ ಸೇರಿದೆ. ನಾಲ್ಕು ಸಾಲು ಬರೆಯುವವನಿಗೆ ಅದು ಸಾಕು. ಆದರೆ 'ಕನ್ನಡ' ಎಂಬ ಮಾತನ್ನು ಆ ರೀತಿಯಲ್ಲಿ ಬರೆಯಲು ಏಳು ಸಲ ಕೀಲಿ ಒತ್ತಬೇಕು, ಕೆ. ಪಿ. ರಾಯರ ವಿನ್ಯಾಸದಲ್ಲಿ ಐದೇ ಸಲ. ಅಕಾರ ವ್ಯಂಜನದೊಳಗೇ ಇದೆಯೆಂಬ ನಮ್ಮ ಲಿಪಿಯ ಮೂಲಸೂತ್ರ ಅದರಲ್ಲಿದೆ, ಇದರಲ್ಲಿಲ್ಲ. ಶ್ರಮದ ಲೆಕ್ಕವಂತೂ ಇರಲಿ. ನನ್ನ ಆತಂಕ ಬೇರೆ. ಕನ್ನಡವನ್ನು ಮೊದಲು ರೋಮನ್ ಕಾಗುಣಿತದಲ್ಲಿ ಯೋಚಿಸಿ ಆಮೇಲೆ ಕನ್ನಡಕ್ಕೆ ತಿರುಗಿಸುವ ಮಗುವಿಗೆ ಲ–ಳ, ನ–ಣ, ಶ–ಷಗಳ ಭೇದ ಯಾಕೆ ಬೇಕು? ಯಂತ್ರವೇ ನಾಲ್ಕು ರೂಪಗಳನ್ನು ತೋರಿಸುತ್ತದೆ, ಮಗು ಒಂದನ್ನು ಮುಟ್ಟುತ್ತದೆ. ನನ್ನ ತರಗತಿಯ ಉತ್ತರಪತ್ರಿಕೆಗಳಲ್ಲಿ 'ಬಾಳು' 'ಬಾಲು' ಆಗುತ್ತಿದೆ, 'ಹಣ್ಣು' 'ಹನ್ನು' ಆಗುತ್ತಿದೆ. ಮೊಬೈಲಿನಲ್ಲಿ ತಂದೆಗೆ ಬರೆಯುವ ಪತ್ರ ಕನ್ನಡ ಮಾತು, ರೋಮನ್ ಲಿಪಿ. ಕನ್ನಡ ಮಾಧ್ಯಮದಲ್ಲಿ ಹತ್ತು ವರ್ಷ ಓದಿಬಂದ ಹುಡುಗಿಯ ಲಿಪಿ ಎರಡು ವರ್ಷಗಳಲ್ಲಿ ತುಕ್ಕು ಹಿಡಿಯುವುದನ್ನು ನಾನು ಪ್ರತಿವರ್ಷ ನೋಡುತ್ತಿದ್ದೇನೆ. ಬಾಯಲ್ಲಿ ಹೇಳಿ ಬರೆಯಿಸುವುದಂತೂ ಇನ್ನೂ ಚೆನ್ನ! ನಮ್ಮ 'ಹೊಂಟೇನಿ', 'ಬರೂದುಲ್ಲ'ಗಳನ್ನು ಅದು ಬೆಂಗಳೂರಿಗೆ ಕರೆದೊಯ್ದು ಸ್ನಾನಮಾಡಿಸಿ ತರುತ್ತದೆ.

ಕನ್ನಡದ ಅತ್ಯಭಿಮಾನಿಗಳಿಗೂ ಒಂದು ಮಾತು. ಕಂಪ್ಯೂಟರನ್ನು ಗಣಕಯಂತ್ರವೆನ್ನಬೇಕೋ ಗಣಕವೆನ್ನಬೇಕೋ ಎಂಬ ಚರ್ಚೆಯಲ್ಲಿಯೇ ಇವರು ಮೂವತ್ತು ವರ್ಷ ಕಳೆದರು. ಕನ್ನಡದ ಪರದೆಯನ್ನು ಕಷ್ಟಪಟ್ಟು ಹಾಕಿಕೊಂಡವನೂ ಅಲ್ಲಿಯ ಸಂಸ್ಕೃತದ ಗುಂಡುಕಲ್ಲುಗಳನ್ನು ಎಡವಿ ಇಂಗ್ಲಿಷಿಗೇ ಮರಳುತ್ತಾನೆಂದರೆ ಅದರಲ್ಲಿ ಇವರ ಪಾಲೂ ಇದೆ. ಎಲ್ಲ ಶಬ್ದಗಳೂ ಹಾಗಿಲ್ಲ. ಫೈಲಿಗೆ 'ಕಡತ' ಎಂದದ್ದು ಎಷ್ಟು ಚೆಲುವಾಗಿದೆ ನೋಡಿರಿ! ಅರಿವೆಗೆ ಹುಣಸೆ ಬೀಜದ ಸರಿ, ಇದ್ದಲ ಪುಡಿ ಸವರಿ, ಮಡಿಸಿ, ಬಳಪದಿಂದ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದ ವಸ್ತುವಿಗೆ ಕಡತವೆಂದು ಹೆಸರು. ಬರೆದು, ಅಳಿಸಿ, ಮತ್ತೆ ಬರೆಯುವುದು ಕಂಪ್ಯೂಟರಿನ ಫೈಲಿಗೂ ಇರುವ ಗುಣವೇ ಅಲ್ಲವೆ? ಇಂಥ ಶಬ್ದಗಳು ನಿಘಂಟಿನಲ್ಲಿ ಮಾತ್ರವಲ್ಲ, ಬಳಸುವವರ ಬಾಯಲ್ಲಿಯೂ ಸಿಕ್ಕುತ್ತವೆ. ಕಂಪ್ಯೂಟರಿಗೆ ಕಂಪ್ಯೂಟರೆಂದೇ ಅನ್ನಿರಿ, ನನಗೆ ಬೇಸರವಿಲ್ಲ. ಅದರಲ್ಲಿ ಬರೆಯುವುದು ಮಾತ್ರ ಕನ್ನಡ ಲಿಪಿಯಲ್ಲಿರಲಿ.

ಇಂಗ್ಲಿಷು ಬೇಡವೆಂಬುದು ನನ್ನ ವಾದವೆಂದು ಯಾರಾದರೂ ಭಾವಿಸಿದ್ದರೆ ಅವರು ಇಲ್ಲಿಯವರೆಗಿನ ಸಾಲುಗಳನ್ನು ಇನ್ನೊಮ್ಮೆ ಓದಬೇಕು. ಆ ಹುಡುಗಿಗೆ ಇಂಗ್ಲಿಷು ಬರಲಿ, ಬರಲೇಬೇಕು. ಕನ್ನಡವನ್ನು ಸೇರಿಸಿದ ಯಂತ್ರದಲ್ಲಿ ಇಂಗ್ಲಿಷು ಎಲ್ಲಿಗೂ ಓಡಿಹೋಗುವುದಿಲ್ಲ. ವಿಂಡೋಸಿನ ಗುರುತಿರುವ ಕೀಲಿಯನ್ನು ಹಿಡಿದು ಸ್ಪೇಸ್ ಪಟ್ಟಿಯನ್ನು ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷು. ಹೊಸ್ತಿಲು ದಾಟಿದಷ್ಟು ಸುಲಭ. ಸೇರಿಸುವ ಬಗೆಯೂ ಅಷ್ಟೆ: ಸೆಟ್ಟಿಂಗ್ಸಿನೊಳಗೆ 'ಟೈಮ್ ಅಂಡ್ ಲ್ಯಾಂಗ್ವೇಜ್' ಎಂಬಲ್ಲಿಗೆ ಹೋಗಿ, ಭಾಷೆ ಸೇರಿಸುವ ಗುಂಡಿಯನ್ನು ಒತ್ತಿ, ಪಟ್ಟಿಯಲ್ಲಿ ಕನ್ನಡವನ್ನು ಆರಿಸಬೇಕು. ಹಾಗೆ ಬರುವ ಕೀಲಿಮಣೆ ಸಾಮಾನ್ಯವಾಗಿ 'ಇನ್‌ಸ್ಕ್ರಿಪ್ಟ್'. 1986ರಲ್ಲಿ ಭಾರತ ಸರಕಾರವು ದೇಶದ ಎಲ್ಲ ಲಿಪಿಗಳಿಗೂ ಒಂದೇ ಕ್ರಮದಲ್ಲಿ, ಎಡಗೈಗೆ ಸ್ವರಗಳನ್ನೂ ಬಲಗೈಗೆ ವ್ಯಂಜನಗಳನ್ನೂ ಹಂಚಿ ಗೊತ್ತುಮಾಡಿದ್ದು ಅದು. ಹದಿನೈದು ದಿನ ಕಲಿತರೆ ಅದೂ ಒಳ್ಳೆಯದೇ. ಕೆ. ಪಿ. ರಾಯರ ವಿನ್ಯಾಸವೇ ಬೇಕೆಂದವರು 'ನುಡಿ'ಯನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಅದರಲ್ಲಿ ಯುನಿಕೋಡ್ ಎಂಬುದನ್ನು ಆರಿಸಿಕೊಳ್ಳಲು ಮರೆಯಬಾರದು, ಇಲ್ಲದಿದ್ದರೆ ಮತ್ತೆ ಆ ವೇಷದ ಆಟವೇ.

ಆದುದರಿಂದ ಹುಬ್ಬಳ್ಳಿ–ಧಾರವಾಡಗಳ ಅಂಗಡಿಗಳಿಗೆ ಹೋಗುವ ವಾಚಕರಲ್ಲಿ ನನ್ನ ಬೇಡಿಕೆ ಸಣ್ಣದು. ಬಿಲ್ಲು ಬರೆಯುವಾಗ ಆಂಟಿವೈರಸ್ಸಿಗೆ ಒಂದು ಸಾಲು, ಮೌಸಿಗೆ ಒಂದು ಸಾಲು, ಚೀಲಕ್ಕೆ ಒಂದು ಸಾಲು ಹಾಕುತ್ತಾರೆ. ಆಗಲೇ "ಕನ್ನಡ ಹಾಕಿಕೊಡ್ರಿ" ಎಂದು ಹೇಳಿರಿ. ಬರುವುದಿಲ್ಲವೆಂದರೆ ಎದುರಿಗೆ ಕುಳಿತು ಮೇಲೆ ಹೇಳಿದ ದಾರಿಯನ್ನು ನೀವೇ ತೋರಿಸಿರಿ. ಐದು ನಿಮಿಷದ ಕೆಲಸ. ಪರದೆಯ ಮೇಲೆ ನಿಮ್ಮ ಊರ ಹೆಸರನ್ನು ಕನ್ನಡದಲ್ಲಿ ಬರೆಯಿಸಿ, ಅಣ್ಣಿಗೇರಿಯ ಣಕಾರಕ್ಕೆ ಒತ್ತು ಸರಿಯಾಗಿ ಬಿದ್ದಿದೆಯೇ ನೋಡಿ, ಆಮೇಲೆ ಹಣ ಎಣಿಸಿರಿ.